ಅಣ್ಣನನ್ನು ಕ್ಷಮಿಸಿದೆ, ಬೇಣದ ಲೆಕ್ಕ ಬಾಕಿಯಿದೆ

2013ರ ಜೂನ್ 21ರ ಮಧ್ಯಾಹ್ನ ಸಿಂಗಪುರದ ವಾಯುಮಾಲಿನ್ಯ ಸೂಚ್ಯಂಕ 401 ಮುಟ್ಟಿತು. ಮುನ್ನೂರು ದಾಟಿದರೇ ಅಪಾಯವೆಂದು ಇಲ್ಲಿನ ಲೆಕ್ಕ. ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಕುಳಿತಿದ್ದೆವು, ಆದರೂ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದರೆ ಬೂದಿಬಣ್ಣದ ಮಸಿ ಅಂಟುತ್ತಿತ್ತು. ವಾಸನೆ ಮಾತ್ರ ಬಲು ಪರಿಚಿತ: ಬೇಸಿಗೆಯಲ್ಲಿ ಮಲೆನಾಡಿನ ರಸ್ತೆಯಂಚಿಗೆ ತರಗೆಲೆ ಸುಟ್ಟಾಗ ಬರುವಂಥದ್ದು.

ಸುಡುತ್ತಿದ್ದುದು ಸಮುದ್ರದಾಚೆಯ ಇಂಡೋನೇಷ್ಯಾದ ಸುಮಾತ್ರಾ ದ್ವೀಪ. ಅಲ್ಲಿನ ಜೌಗು ಕಾಡುಗಳ ಬುಡದಲ್ಲಿ ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ಉಳಿದ ಎಲೆ, ಬೇರು, ದಿಮ್ಮಿಗಳು ಮೀಟರುಗಟ್ಟಲೆ ದಪ್ಪಕ್ಕೆ ಕೂತಿವೆ. ಅದಕ್ಕೆ ಪೀಟ್ ಎನ್ನುತ್ತಾರೆ. ನೀರು ನಿಂತಿರುವವರೆಗೆ ಅದರ ಪಾಡಿಗೆ ಅದು. ತಾಳೆ ಎಣ್ಣೆಯ ತೋಟಕ್ಕೋ ಕಾಗದದ ತಿರುಳಿಗೆ ಬೇಕಾದ ಅಕೇಶಿಯಾಕ್ಕೋ ಮರ ಕಡಿದು, ಕಾಲುವೆ ತೋಡಿ ನೀರು ಬಸಿದರೆ ಅದೇ ನೆಲ ಬೆರಣಿಯಂತೆ ಒಣಗುತ್ತದೆ. ಒಮ್ಮೆ ಹತ್ತಿದ ಬೆಂಕಿ ನೆಲದಡಿಯಲ್ಲೇ ವಾರಗಟ್ಟಲೆ ಹೊಗೆಯಾಡುತ್ತಾ ಸಾಗುತ್ತದೆ. ಮೇಲಿನಿಂದ ಹೆಲಿಕಾಪ್ಟರ್ ನೀರು ಸುರಿದರೆ ಪತ್ರಿಕೆಗೆ ಒಳ್ಳೆಯ ಚಿತ್ರ ಸಿಗುತ್ತದೆ. ಬೆಂಕಿ ಆರಲು ಮಳೆಗಾಲವೇ ಬರಬೇಕು.

ಮೂರು ದಿನ ಕಳೆದು ಇಂಡೋನೇಷ್ಯಾದ ಅಧ್ಯಕ್ಷ ಸುಸಿಲೊ ಬಂಬಂಗ್ ಯುಧೊಯೊನೊ ಸಿಂಗಪುರ ಮತ್ತು ಮಲೇಷ್ಯಾಗಳ ಕ್ಷಮೆ ಕೇಳಿದರು. ಕಾಡು ಸುಟ್ಟದ್ದಕ್ಕೆ ಒಂದು ದೇಶದ ಮುಖ್ಯಸ್ಥರು ಪಕ್ಕದ ಮನೆಯವರ ಕ್ಷಮೆ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎರಡು ವರ್ಷದೊಳಗೆ ರಾಗ ಬದಲಾಯಿತು. ಹನ್ನೊಂದು ತಿಂಗಳು ನಮ್ಮ ಒಳ್ಳೆಯ ಗಾಳಿ ಉಸಿರಾಡುವಾಗ ಧನ್ಯವಾದ ಹೇಳದವರು ಒಂದು ತಿಂಗಳ ಹೊಗೆಗೆ ಸಿಡುಕುತ್ತಾರೆ ಎಂದು ಅಲ್ಲಿನ ಉಪಾಧ್ಯಕ್ಷ ಜುಸುಫ್ ಕಲ್ಲಾ 2015ರಲ್ಲಿ ಹೇಳಿದರು. ಅದೇ ವರ್ಷ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತು. ಆ ಹೊಗೆಯಿಂದ ಮೂರು ದೇಶಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಕಾಲ ಮರಣ ಸಂಭವಿಸಿರಬಹುದೆಂದು ಹಾರ್ವರ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಅಂದಾಜು ಮಾಡಿದರು. ಅದರಲ್ಲಿ 90 ಸಾವಿರಕ್ಕೂ ಹೆಚ್ಚು ಇಂಡೋನೇಷ್ಯಾದಲ್ಲೇ. ಅಂದರೆ ಅಧ್ಯಕ್ಷರು ಕೇಳಿದ ಕ್ಷಮೆಯ ದೊಡ್ಡ ಪಾಲು ತಪ್ಪು ವಿಳಾಸಕ್ಕೆ ಬಂದಿತ್ತು. ಅದು ಸಲ್ಲಬೇಕಿದ್ದುದು ರಿಯಾವು, ಜಂಬಿ, ಕಲಿಮಂತಾನ್‌ನ ಹಳ್ಳಿಗರಿಗೆ.

ಸಿಂಗಪುರ ಕ್ಷಮಿಸಲೂ ಇಲ್ಲ, ಬೈಯುತ್ತಾ ಕೂರಲೂ ಇಲ್ಲ. 2014ರಲ್ಲಿ ಗಡಿಯಾಚೆಯ ಹೊಗೆಗೂ ಅನ್ವಯವಾಗುವ ಕಾನೂನು ಮಾಡಿತು: ಹೊಗೆಗೆ ಕಾರಣವಾದ ಕಂಪನಿ ಯಾವ ದೇಶದ್ದೇ ಆಗಿರಲಿ, ದಿನಕ್ಕೆ ಒಂದು ಲಕ್ಷ ಸಿಂಗಪುರ ಡಾಲರ್‌ವರೆಗೆ, ಒಟ್ಟು 20 ಲಕ್ಷ ಡಾಲರ್‌ವರೆಗೆ ದಂಡ. ಮರುವರ್ಷ ಕೆಲವು ಕಂಪನಿಗಳಿಗೆ ನೋಟಿಸೂ ಹೋಯಿತು. ನೋಟಿಸಿನಿಂದ ಬೆಂಕಿ ಆರುವುದಿಲ್ಲ, ಒಪ್ಪುತ್ತೇನೆ. ಈ ಊರು ಸಾಚಾ ಎಂದೂ ನಾನು ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಮ ಹದ ಮಾಡಲು ಬಳಸುವ ಗ್ಯಾಂಬಿಯರ್ ಮತ್ತು ಮೆಣಸಿನ ತೋಟಕ್ಕಾಗಿ ತನ್ನ ಮೂಲ ಕಾಡನ್ನು ಬಹುಪಾಲು ಬೋಳಿಸಿಕೊಂಡ ದ್ವೀಪವಿದು. ಈಗ ನೆರೆಯವನಿಗೆ ಪಾಠ ಹೇಳುತ್ತಿದೆ. ಆದರೂ ಇಲ್ಲಿನ ಒಂದು ಅಭ್ಯಾಸ ನನಗೆ ಹಿಡಿಸಿತು. ಮೊದಲು ಅಳೆಯುತ್ತಾರೆ. ಎಷ್ಟು ಹೊಗೆ, ಯಾವ ಗಂಟೆಯಲ್ಲಿ, ಯಾರ ಜಮೀನಿನಿಂದ. ಬೇಸರ, ಸಿಟ್ಟು, ರಾಜಿ ಎಲ್ಲ ಆಮೇಲೆ.

ನಮ್ಮಲ್ಲಿ ಹಾಗಲ್ಲ. ನಮ್ಮ ಬಳಿ ಒಂದು ದಿವ್ಯೌಷಧವಿದೆ: 'ಹೋಗಲಿ ಬಿಡಿ'.

ಅದರ ರುಚಿ ನನಗೆ ಮನೆಯಲ್ಲೇ ಗೊತ್ತಾಯಿತು. ನಾನು ಇಲ್ಲಿರುವಾಗ ಊರಿನಲ್ಲಿ ಅಣ್ಣ ನಮ್ಮ ಬೇಣದ, ಅಂದರೆ ಮನೆಗೆ ಸೇರಿದ ಗುಡ್ಡದ ಹುಲ್ಲು-ಮರಗಳ ಜಾಗದ, ಮರಗಳನ್ನು ಕಡಿಸಿ ರಬ್ಬರ್ ಹಾಕಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಬೇಣದ ಕೆಳಗೆ ಒರತೆಯಿತ್ತು, ಅದರ ಅಬ್ಬಿ ನೀರು ಪೈಪಿನಲ್ಲಿ ಮನೆಯವರೆಗೆ ತಾನಾಗಿ ಇಳಿದು ಬರುತ್ತಿತ್ತು. ಮರ ಹೋದರೆ ನೀರು ಹೋಗುತ್ತದೆ ಎಂದು ಫೋನಿನಲ್ಲಿ ಕೂಗಾಡಿದೆ. ನೆಂಟರೆಲ್ಲ ಸೇರಿ ಹೇಳಿದ್ದು ಒಂದೇ: ಆದದ್ದು ಆಯಿತು, ಹೋಗಲಿ ಬಿಡು, ದೂರದಲ್ಲಿರುವವನಿಗೆ ಯಾಕೆ ಇದೆಲ್ಲ. ಆರು ವರ್ಷ ಅಣ್ಣನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಆ ಆರು ವರ್ಷಗಳಲ್ಲಿ ನನ್ನ ರಕ್ತದೊತ್ತಡದ ಮಾತ್ರೆ ಒಂದಿದ್ದದ್ದು ಎರಡಾಯಿತು. ಸಿಟ್ಟೇ ಕಾರಣವೆಂದು ಆಣೆ ಮಾಡಿ ಹೇಳಲಾರೆ. ಉಪ್ಪಿನಕಾಯಿಯ ಪಾಲೂ ಇದ್ದೀತು.

ಸಿಟ್ಟು ಮೈಗೆ ಹತ್ತುತ್ತದೆ ಎನ್ನುವುದಂತೂ ಬರಿಯ ಪ್ರವಚನದ ಮಾತಲ್ಲ. ಅಮೆರಿಕದ ಹೋಪ್ ಕಾಲೇಜಿನ ಷಾರ್ಲಟ್ ವಿಟ್‌ಫ್ಲೀಟ್ ಮತ್ತು ಸಂಗಡಿಗರು 2001ರಲ್ಲಿ 71 ಮಂದಿಯನ್ನು ಪರೀಕ್ಷೆಗೆ ಕೂರಿಸಿದರು. ತಮ್ಮನ್ನು ನೋಯಿಸಿದವರ ಮೇಲಿನ ಹಗೆಯನ್ನು ಮನಸ್ಸಿನಲ್ಲಿ ಮೆಲುಕು ಹಾಕಿದಾಗ ಅವರ ಎದೆಬಡಿತ, ರಕ್ತದೊತ್ತಡ ಏರಿದವು, ಹುಬ್ಬು ಗಂಟಿಕ್ಕಿತು. ಅದೇ ವ್ಯಕ್ತಿಯನ್ನು ಕ್ಷಮಿಸಿದಂತೆ ಊಹಿಸಿಕೊಂಡಾಗ ಏರಿಕೆ ಅಷ್ಟಿರಲಿಲ್ಲ. ಇಂಥದ್ದನ್ನು ಓದಿದ ಕೂಡಲೇ 'ಕ್ಷಮಿಸಿ, ಆರೋಗ್ಯವಾಗಿರಿ' ಎಂದು ಉಪದೇಶಿಸುವವರು ಹುಟ್ಟಿಕೊಳ್ಳುತ್ತಾರೆ. ಅವರು ಎವರೆಟ್ ವರ್ತಿಂಗ್ಟನ್ ಹೇಳಿದ್ದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕ್ಷಮೆಯ ಬಗ್ಗೆ ದಶಕಗಟ್ಟಲೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞರು ಅವರು. 1995ರ ಕೊನೆಯ ರಾತ್ರಿ ಅವರ ತಾಯಿಯ ಕೊಲೆಯಾಯಿತು, ಆಮೇಲೂ ಅದೇ ಕೆಲಸ ಮುಂದುವರಿಸಿದರು. ಅವರು ಹೇಳುವ ಐದು ಹೆಜ್ಜೆಗಳಲ್ಲಿ ಮೊದಲನೆಯದು ಆದ ನೋವನ್ನು ನೆನಪಿಸಿಕೊಳ್ಳುವುದು. ನಾವು ಮೊದಲ ಹೆಜ್ಜೆಗೇ ಮರೆಯಲು ಹೇಳುತ್ತೇವೆ.

ಮರೆಯುವುದನ್ನೇ ಕ್ಷಮೆ ಎಂದು ತಿಳಿದರೆ ಏನಾಗುತ್ತದೆ ಎನ್ನುವುದಕ್ಕೆ ಪಶ್ಚಿಮ ಘಟ್ಟವೇ ಇದೆ. ಮಲೆನಾಡಿನಲ್ಲಿ ಯಾರನ್ನಾದರೂ ಕೇಳಿ, 1978ರ ಏಪ್ರಿಲ್ 27 ಎಂಬ ತಾರೀಕು ಬಾಯಲ್ಲೇ ಇರುತ್ತದೆ. ಅದಕ್ಕೆ ಮುಂಚಿನ ಅರಣ್ಯ ಒತ್ತುವರಿಗೆ ಸಕ್ರಮದ ದಾರಿ, ಆಮೇಲಿನದು ಅಕ್ರಮ. ಅಲ್ಲಿಂದ ಈಚೆಗೆ ಪ್ರತಿ ಚುನಾವಣೆಯಲ್ಲೂ ಆ ಗೆರೆಯನ್ನು ಮುಂದಕ್ಕೆ ಸರಿಸುವ ಮಾತು ಕೇಳುತ್ತಲೇ ಬಂದಿದ್ದೇನೆ. ಹೊಟ್ಟೆಪಾಡಿಗೆ ಎರಡು ಎಕರೆ ಮಾಡಿದವನನ್ನೂ ಗುಡ್ಡವನ್ನೇ ನುಂಗಿದ ಎಸ್ಟೇಟನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಮಾತಾಡುತ್ತಾರೆ. ಬಡವನ ಹೆಸರಿನಲ್ಲಿ ಕೇಳಿದ ಕ್ಷಮೆ ದೊಡ್ಡವನಿಗೂ ದಕ್ಕುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆ ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿದೆ. ಅದು ನಿಜವಾದ ತಪ್ಪೊಪ್ಪಿಗೆ, ಅದನ್ನು ಇದರೊಂದಿಗೆ ಬೆರೆಸಬಾರದು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಕಾಪಾಡಲು ಹೇಳಿದ ಕಸ್ತೂರಿರಂಗನ್ ವರದಿಯನ್ನು ರಾಜ್ಯ ಸಂಪುಟ 2024ರಲ್ಲಿ ತಿರಸ್ಕರಿಸಿದಾಗ ನನ್ನ ಪರಿಚಯದ ಎಷ್ಟೋ ಮಂದಿ ನಿಟ್ಟುಸಿರು ಬಿಟ್ಟರು. ಪೀಡೆ ತೊಲಗಿತು, ಹೋಗಲಿ ಬಿಡಿ.

ಸರ್ಕಾರ ಬಿಡಬಹುದು, ನೆಂಟರು ಬಿಡಬಹುದು, ರಕ್ತ ಹೀರುವ ಉಣ್ಣೆಹುಳು ಬಿಡುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ವೈರಸ್ಸಿಗೆ ಆ ಕಾಡಿನ ಹೆಸರೇ ಅಂತರರಾಷ್ಟ್ರೀಯ ಹೆಸರಾಯಿತು. ನಮಗೆ ಅದು ಮಂಗನ ಕಾಯಿಲೆ, ಹರಡುವುದು ಉಣ್ಣೆಯ ಕಡಿತದಿಂದ. ಕಾಡು ಕಡಿದು ಅಂಚು ಹೆಚ್ಚಿದಷ್ಟೂ ದನ, ಮಂಗ, ಮನುಷ್ಯ, ಉಣ್ಣೆ ಒಂದೇ ಜಾಗದಲ್ಲಿ ಸೇರುತ್ತವೆ. 1980ರ ದಶಕದ ಮೊದಲ ವರ್ಷಗಳಲ್ಲಿ ಬೆಳ್ತಂಗಡಿಯ ಕಡೆ ಗೇರು ತೋಟಕ್ಕಾಗಿ ಕಾಡು ತೆಗೆದ ಬೆನ್ನಿಗೇ ರೋಗ ದೊಡ್ಡದಾಗಿ ಎದ್ದಿತು. ಸುಮಾತ್ರಾದ ಹೊಗೆಯ ಕಣಕ್ಕೂ ಸೊರಬದ ಉಣ್ಣೆಗೂ ನಾವು ಯಾರನ್ನು ಕ್ಷಮಿಸಿದ್ದೇವೆ ಎನ್ನುವುದು ಗೊತ್ತಾಗುವುದಿಲ್ಲ. ಸಿಟ್ಟು ಬಿಟ್ಟರೆ ನನ್ನ ರಕ್ತನಾಳಕ್ಕೆ ಲಾಭ. ಶ್ವಾಸಕೋಶಕ್ಕೆ ಬೇಕಾದದ್ದು ಬೇರೆ.

'ಕ್ಷಮಯಾ ಧರಿತ್ರೀ' ಎನ್ನುತ್ತೇವಲ್ಲ, ಭೂಮಿಯ ಆ ತಾಳ್ಮೆಯನ್ನೂ ವಿಜ್ಞಾನಿಗಳು ಅಳೆದಿದ್ದಾರೆ. ಕಡಿದು ಬಿಟ್ಟ ಉಷ್ಣವಲಯದ ಕಾಡುಗಳು ತಾವಾಗಿ ಬೆಳೆಯುವುದನ್ನು ನೋಡಿದ 2021ರ ಅಧ್ಯಯನವೊಂದರ ಪ್ರಕಾರ ಮಣ್ಣು ಹತ್ತು ವರ್ಷದೊಳಗೆ ಚೇತರಿಸಿಕೊಳ್ಳುತ್ತದೆ. ಮರಗಳ ವೈವಿಧ್ಯಕ್ಕೆ ಅರವತ್ತು ವರ್ಷ ಹಿಡಿಯಬಹುದು. ಮೊದಲಿನಷ್ಟೇ ಮರದ ತೂಕ, ಮೊದಲಿದ್ದ ಅದೇ ಜಾತಿಗಳ ಕೂಟ ಬರಲು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು. ಅದೂ ನಾವು ಮತ್ತೆ ಕೈ ಹಾಕದಿದ್ದರೆ.

ಅಣ್ಣನ ವಿಷಯಕ್ಕೆ ಬರುತ್ತೇನೆ. ಅಮ್ಮನ ಪಿಂಚಣಿಯ ಕಾಗದದ ವಿಚಾರಕ್ಕೆ ಒಂದು ದಿನ ಫೋನ್ ಮಾಡಿದ್ದ. ಕೆಲಸದ ಮಾತು ಮುಗಿದ ಮೇಲೂ ಇಡಲಿಲ್ಲ. 'ಅಬ್ಬಿ ನೀರು ಈ ಸಲ ಮಾರ್ಚ್‌ಗೇ ನಿಂತಿತು,' ಎಂದ. ಸ್ವಲ್ಪ ಹೊತ್ತು ಬಿಟ್ಟು, 'ನೀನು ಹೇಳಿದ್ದೆ,' ಎಂದ. ಅಷ್ಟೇ. ಆರು ವರ್ಷದ ಗಂಟು ಆ ಎರಡು ಪದಗಳಿಗೆ ಬಿಚ್ಚಿಕೊಂಡಿತು. ನೆಂಟರ ಉಪದೇಶದಿಂದ ಆಗದ್ದು ಅವನು ಲೆಕ್ಕ ಒಪ್ಪಿಕೊಂಡಾಗ ಆಯಿತು. ಬೇಣದ ಪರವಾಗಿ, ಒರತೆಯ ಪರವಾಗಿ ನಾನು ಏನನ್ನೂ ಮನ್ನಾ ಮಾಡಲಿಲ್ಲ, ಅದು ನನ್ನ ಕೈಯಲ್ಲಿಲ್ಲ ಎಂದು ಅವನಿಗೂ ಹೇಳಿದೆ. ಒರತೆಯ ನೆತ್ತಿಯ ಮೇಲಿನ ಒಂದು ಎಕರೆಯ ರಬ್ಬರ್ ತೆಗೆದು ಸುಮ್ಮನೆ ಬಿಡುತ್ತೇನೆ ಎಂದ. ಬಿಟ್ಟ.

ಮೊನ್ನೆ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದಾನೆ. ಯಾರೂ ನೆಡದ ಚಂದಕಲು ಗಿಡಗಳು ಆಳೆತ್ತರಕ್ಕೆ ಎದ್ದಿವೆ, ಛತ್ರಿಯಂಥ ಅಗಲ ಎಲೆ. ಇಲ್ಲಿ ಬುಕಿತ್ ತಿಮಾ ಕಾಡಿನ ಅಂಚಿನಲ್ಲಿ ಬೆಳಗಿನ ನಡಿಗೆಗೆ ಹೋದಾಗ ಅದೇ ಕುಲದ ಗಿಡಗಳನ್ನು ದಿನವೂ ನೋಡುತ್ತೇನೆ. ಮಲಯ ಭಾಷೆಯಲ್ಲಿ ಮಹಾಂಗ್ ಎನ್ನುತ್ತಾರೆ. ಬಯಲಾದ ಕಾಡಿನ ಜಾಗಕ್ಕೆ ಮೊದಲು ಬರುವುದು ಅವೇ. ಒರತೆಯಲ್ಲಿ ನೀರು ಬಂತೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದ.