ಮುಂಚೆ ಪಟಾಕಿ, ಆಮೇಲೆ ಬಾಲ್

ಹುಬ್ಬಳ್ಳಿಯಲ್ಲಿ ಈಗ ಭವಿಷ್ಯ ಕೇಳೋಕೆ ಜ್ಯೋತಿಷಿ ಹತ್ತಿರ ಹೋಗಬೇಕಿಲ್ಲ. ಕೇಬಲ್ ಟಿವಿ ಇರೋ ಪಾನ್ ಅಂಗಡಿಯ ಮೇಲಿನ ಮನೆಯಲ್ಲಿ ಕೂತು, ಮೊಬೈಲ್‌ನಲ್ಲಿ ಲೈವ್ ಮ್ಯಾಚ್ ಹಾಕಿದರೆ ಸಾಕು. ಅಂಗಡಿಯವನು ಕೆಳಗಿನಿಂದಲೇ ಕೂಗುತ್ತಾನೆ, "ಸರ್ರ, ಔಟ್ ಆದ ನೋಡ್ರಿ!" ನನ್ನ ಮೊಬೈಲ್‌ನಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ.

2025ರ ಜೂನ್ 3ರ ರಾತ್ರಿ, ಐಪಿಎಲ್ ಫೈನಲ್, ನೆನಪಿದೆ ಅಲ್ವಾ? ಕೊನೆ ಓವರ್, ಪಂಜಾಬ್‌ಗೆ 29 ಬೇಕು. ಹೇಜಲ್‌ವುಡ್ ಮೊದಲ ಎರಡು ಬಾಲ್‌ಗೆ ರನ್ನೇ ಕೊಡಲಿಲ್ಲ. ಹೊರಗೆ ಪಟಾಕಿ ಶುರು. ಬೌಂಡರಿ ಹತ್ತಿರ ಕೊಹ್ಲಿ ಕಣ್ಣಲ್ಲಿ ನೀರು. ನಮ್ಮ ಮನೆಯಲ್ಲಿ ಮಾತ್ರ ಆ ಓವರೇ ಶುರುವಾಗಿರಲಿಲ್ಲ, ಮೊಬೈಲ್ ಪರದೆಯಲ್ಲಿ ಲೋಡಿಂಗ್ ಚಕ್ರ ತಿರುಗುತ್ತಿತ್ತು. ಆರ್‌ಸಿಬಿ ಕಪ್‌ಗೆ 18 ವರ್ಷ ಕಾದವರಿಗೆ ಇನ್ನೊಂದರ್ಧ ನಿಮಿಷ ಏನು ಮಹಾ ಅಂತ ಆ್ಯಪ್‌ನವರು ಲೆಕ್ಕ ಹಾಕಿರಬೇಕು.

ಕಾರಣ ಇದೆಯಂತೆ. ತಮ್ಮನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್, ಅವನು ಹೇಳಿದ. ವಿಡಿಯೊವನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸ್ತಾರೆ. ನೆಟ್ ಜೋರಿದ್ದವರಿಗೆ ಒಂದು ನಮೂನೆ, ಇಲ್ಲದವರಿಗೆ ಇನ್ನೊಂದು. ಮೊಬೈಲ್ ಒಂದಷ್ಟು ತುಂಡು ಕೂಡಿಹಾಕಿಕೊಂಡ ಮೇಲೇ ತೋರಿಸೋಕೆ ಶುರು ಮಾಡೋದು. ದುರ್ಗದಬೈಲಿನಲ್ಲಿ ಮಿರ್ಚಿ ಕರಿಯೋನು ಮೂರನೇ ತಟ್ಟೆ ಕರಿದಾದ ಮೇಲೆ ಮೊದಲನೇದನ್ನು ಕೈಗಿಟ್ಟು "ಬಿಸಿ ಬಿಸಿ ಐತ್ರಿ" ಅಂದ ಹಾಗೆ. ಪಾಪ, ಅವನು ಹಾಗೆ ಮಾಡಲ್ಲ. ಮಾಡಿದರೆ ಜನ ಬಿಡ್ತಾರಾ? ಗಿರ್ಮಿಟ್ ಮೇಲೆ ಸೇವು ಮಾತ್ರ ಈಗೀಗ ಕಡಿಮೆ ಹಾಕ್ತಿದ್ದಾನೆ. ಉಳ್ಳಾಗಡ್ಡಿ ಇನ್ನೊಂಚೂರು ಕೇಳಿದರೆ ಕೇಳಿಸಿಲ್ಲ ಅನ್ನೋ ಹಾಗೆ ಆ ಕಡೆ ತಿರುಗ್ತಾನೆ. ಇರಲಿ, ಅದಕ್ಕೆ ಬೇರೆಯೇ ಲೇಖನ ಬೇಕು.

ನಮ್ಮಲ್ಲಿ ಮಾತ್ರ ಹೀಗೆ ಅಂತ ಕೊರಗಬೇಡಿ. 2024ರ ನವೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಹಳೇ ಬಾಕ್ಸಿಂಗ್ ಚಾಂಪಿಯನ್ ಮೈಕ್ ಟೈಸನ್ ಮತ್ತು ಯೂಟ್ಯೂಬ್‌ನಿಂದ ಹೆಸರಾದ ಜೇಕ್ ಪಾಲ್ ಬಾಕ್ಸಿಂಗ್ ಆಡಿದರು. ನೆಟ್‌ಫ್ಲಿಕ್ಸ್ ಲೈವ್ ತೋರಿಸಿತು, ಎಷ್ಟೋ ಜನರಿಗೆ ಚಕ್ರವೇ ಕಂಡಿತು. ಟೈಸನ್‌ಗೆ ಆಗ 58 ವರ್ಷ. ಆ ರಾತ್ರಿ ಅವನಿಗಿಂತ ಚಕ್ರವೇ ಚುರುಕಾಗಿ ಓಡಾಡಿತು.

ನನ್ನ ತಲೆ ತಿನ್ನೋದು ಇನ್ನೊಂದು ವಿಷಯ. ಪರದೆಯ ಮೂಲೆಯಲ್ಲಿ ಇಷ್ಟು ಕೋಟಿ ಜನ ನೋಡ್ತಿದ್ದಾರೆ ಅಂತ ಬರುತ್ತಲ್ಲ, ಅದು. 2023ರ ವಿಶ್ವಕಪ್ ಫೈನಲ್ಲನ್ನು ಒಂದೇ ಹೊತ್ತಿಗೆ 5.9 ಕೋಟಿ ಜನ ಮೊಬೈಲ್‌, ಟಿವಿ ಆ್ಯಪ್‌ಗಳಲ್ಲಿ ನೋಡಿದರಂತೆ, ಆಗಿನ ದಾಖಲೆ ಅದು. ಸಂತೋಷ. ಆದರೆ ಚಕ್ರ ನೋಡ್ತಾ ಕೂತವನೂ ಆ ಲೆಕ್ಕದಲ್ಲಿ ಸೇರ್ತಾನಾ? ನಾನು ನೋಡಿದ್ದು ಏನು ಅಂತ ಯಾರಾದರೂ ಕೇಳಿದ್ರಾ?

ಒಳ್ಳೇದೂ ಆಗಿದೆ ಬಿಡಿ. ಫಲಿತಾಂಶ ಮೊದಲೇ ಗೊತ್ತಿರೋದರಿಂದ ವಿಕೆಟ್ ಬಿದ್ದರೂ ದುಃಖ ಇಲ್ಲ, ಸಿಕ್ಸರ್ ಹೊಡೆದರೂ ಹಿಗ್ಗಿಲ್ಲ. ಇಂಥ ವೈರಾಗ್ಯಕ್ಕೆ ಹಿಂದೆ ಜನ ಸಿದ್ಧಾರೂಢ ಮಠದಲ್ಲಿ ವರ್ಷಗಟ್ಟಲೆ ಕೂಡುತ್ತಿದ್ದರು.

ನಕ್ಕಿದ್ದು ಸಾಕು. ಆ್ಯಪ್‌ಗೆ ವರ್ಷದ ದುಡ್ಡು ಮುಂಗಡ ಕಟ್ಟಿದ್ದೀನಿ. ಖಾತೆಯಿಂದ ಅದು ಹೋಗೋವಾಗ ಚಕ್ರ ತಿರುಗಲಿಲ್ಲ. ಐದು ವರ್ಷದ ಐಪಿಎಲ್ ಪ್ರಸಾರ ಹಕ್ಕಿಗೆ 48,390 ಕೋಟಿ ಸುರಿಯೋ ಈ ಧಂದೆಯಲ್ಲಿ, ದೂರು ಕೇಳೋಕೆ ಒಬ್ಬ ಮನುಷ್ಯನನ್ನು ಕೂರಿಸೋಕೆ ದುಡ್ಡಿಲ್ಲ. ಬರೆದರೆ "ನಿಮ್ಮ ಇಂಟರ್‌ನೆಟ್ ಪರೀಕ್ಷಿಸಿ" ಅಂತ ಯಂತ್ರ ಉತ್ತರ ಕೊಡುತ್ತೆ. ಆ ಉತ್ತರ ಬರೋದೂ ಅದೇ ಇಂಟರ್‌ನೆಟ್‌ನಲ್ಲಿ, ಥಟ್ಟಂತ. ಕಾಣದ ಮ್ಯಾಚಿನ ದುಡ್ಡು ವಾಪಸ್ ಕೊಡಿ ಅಂದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡ್ತೀರಿ ಅಂತ ಕೇಳಿತು. ರೊಕ್ಕ ಕೇಳಿದವನಿಗೆ ನಕ್ಷತ್ರ ತೋರಿಸ್ತಾರೆ, ನಾಚಿಕೆಗೆಟ್ಟವರು.