ತುರುವೇಕೆರೆ ಆರಿಸಿದವರಿಗೆ ತುಮಕೂರಿನ ಹೋಬಳಿ ಯಾಕೆ ಬರುತ್ತೆ?

ನಮ್ಮ ತುಮಕೂರಿನಲ್ಲಿ ವೆಬ್ ಫಾರ್ಮ್ ಮಾಡುವವರಲ್ಲಿ ಒಂದು ವಿನಂತಿ. ನೀವು ಮಾಡಿದ ತಾಲ್ಲೂಕು ಡ್ರಾಪ್‌ಡೌನನ್ನು ಮೌಸ್ ಮುಟ್ಟದೆ ಒಮ್ಮೆ ತುಂಬಿ ನೋಡಿ. ಸೈಬರ್ ಸೆಂಟರ್‌ಗಳಲ್ಲಿ ದಿನವಿಡೀ ಅರ್ಜಿ ಹಾಕುವವರು ತುಂಬುವುದೇ ಹಾಗೆ: ಟ್ಯಾಬ್ ಒತ್ತು, ಅಕ್ಷರ ಕುಟ್ಟು, ಮತ್ತೆ ಟ್ಯಾಬ್.

ಜಿಲ್ಲೆಯ 10 ತಾಲ್ಲೂಕುಗಳಲ್ಲಿ ಇಂಗ್ಲಿಷ್ 'ಟಿ'ಯಿಂದ ಶುರುವಾಗುವುದು ಮೂರು: ತಿಪಟೂರು, ತುಮಕೂರು, ತುರುವೇಕೆರೆ. ವಿಂಡೋಸ್ ಕ್ರೋಮ್‌ನಲ್ಲಿ ಪಟ್ಟಿ ಬಿಚ್ಚದೆ ಟಿ, ಯು, ಆರ್ ಅಂತ ಬೇಗ ಕುಟ್ಟಿದರೆ ಆಯ್ಕೆ ಮೂರೂ ಊರು ಮುಟ್ಟಿಕೊಂಡೇ ಹೋಗುತ್ತದೆ, ಒಂದೊಂದಕ್ಕೂ ಒಂದು ಚೇಂಜ್ ಇವೆಂಟ್, ಅಂದರೆ ಆಯ್ಕೆ ಬದಲಾಯಿತು ಅಂತ ಬ್ರೌಸರ್ ಸ್ಕ್ರಿಪ್ಟಿಗೆ ಕೊಡುವ ಸುದ್ದಿ. ಸುದ್ದಿ ಬಂದಾಗಲೆಲ್ಲ ಫಾರ್ಮ್ ಆ ತಾಲ್ಲೂಕಿನ ಹೋಬಳಿ ಪಟ್ಟಿ ಕೇಳುವುದರಿಂದ ಸರ್ವರ್‌ಗೆ ಮೂರು ಕೋರಿಕೆ. ನೆಟ್ ನಿಧಾನವಿದ್ದು ತುಮಕೂರಿನ ಉತ್ತರ ಕೊನೆಗೆ ಬಂತೋ, ಮೇಲೆ ತುರುವೇಕೆರೆ, ಕೆಳಗೆ ತುಮಕೂರಿನ ಹೋಬಳಿಗಳಾದ ಗೂಳೂರು, ಹೆಬ್ಬೂರು, ಬೆಳ್ಳಾವಿ. ತುರುವೇಕೆರೆಯ ಮಾಯಸಂದ್ರ ಹೋಬಳಿ ಹುಡುಕುವವರಿಗೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಕಸಬಾ ಹೋಬಳಿಯವರ ಪಾಡೇನು? ಕಸಬಾ ಎರಡೂ ಕಡೆ ಇದೆ. ಹೆಸರು ಸರಿ, ಒಳಗೆ ಹೋಗುವ ಕೋಡ್ ಬೇರೆ ತಾಲ್ಲೂಕಿನದು. ಅರ್ಜಿ ತಿರಸ್ಕಾರವಾದ ಮೇಲೂ ಯಾಕೆ ಅಂತ ಅರ್ಜಿದಾರರಿಗೆ ತಿಳಿಯುವುದಿಲ್ಲ.

ಇದನ್ನೇ ಮ್ಯಾಕ್‌ನಲ್ಲಿ ಬಾಣದ ಕೀಲಿಯಿಂದ ಪರೀಕ್ಷಿಸಿದರೆ ಏನೂ ಕಾಣದು. ಅಲ್ಲಿ ಬಾಣ ಒತ್ತಿದರೆ ಪಟ್ಟಿಯೇ ಬಿಚ್ಚಿಕೊಳ್ಳುತ್ತದೆ, ಆರಿಸಿದ ಮೇಲಷ್ಟೇ ಚೇಂಜ್ ಬರುತ್ತದೆ. ಫೈರ್‌ಫಾಕ್ಸ್ ಕೂಡ ಹಿಂದೆ ಎಂಟರ್ ಒತ್ತುವವರೆಗೆ ಅಥವಾ ಬೇರೆ ಖಾನೆಗೆ ಹೋಗುವವರೆಗೆ ಸುಮ್ಮನಿರುತ್ತಿತ್ತು. 2018ರ 63ನೇ ಆವೃತ್ತಿಯಿಂದ ಉಳಿದವರ ದಾರಿಗೆ ಬಂತು. ಆ ಕಾಲದ ಸಲಹೆ ನಂಬಿ ಈಗಲೂ ಚೇಂಜ್ ಜೊತೆಗೆ ಕೀಅಪ್ (ಒತ್ತಿದ ಕೀಲಿ ಬಿಟ್ಟಾಗ ಬರುವ ಇವೆಂಟ್) ಸೇರಿಸುವವರಿದ್ದಾರೆ. ದಯವಿಟ್ಟು ತೆಗೆಯಿರಿ, ಒಂದೇ ಕೆಲಸ ಎರಡೆರಡು ಸಲ ಆಗುತ್ತದೆ. ಆಪ್ಷನ್ ಮೇಲೆ ಕ್ಲಿಕ್ ಇವೆಂಟ್ ಕಾಯುವ ಕೋಡ್ ಕಟ್ಟುವುದೂ ಬೇಡ, ಕ್ರೋಮ್‌ನ ಡ್ರಾಪ್‌ಡೌನ್‌ನಲ್ಲಿ ಅದು ಬರುವುದೇ ಇಲ್ಲ.

ಚೇಂಜ್ ಇವೆಂಟ್ ಒಂದಕ್ಕೇ ಕಿವಿಗೊಡಿ. ಅದು ಬಂದ ಕೂಡಲೇ ಹಳೆಯ ಕೋರಿಕೆಯನ್ನು, ಕಳಿಸಿದ ಕೋರಿಕೆ ನಿಲ್ಲಿಸಲೆಂದೇ ಬ್ರೌಸರ್ ಕೊಡುವ ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ, ಹೋಬಳಿ ಪಟ್ಟಿ ಖಾಲಿ ಮಾಡಿ 'ಲೋಡ್ ಆಗುತ್ತಿದೆ' ಅಂತ ಹಾಕಿ. ಹೋಬಳಿ ಖಾನೆಯನ್ನು ಡಿಸೇಬಲ್ ಮಾಡಬೇಡಿ, ಮಾಡಿದರೆ ಟ್ಯಾಬ್ ಅದನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತದೆ. 300 ಮಿಲಿಸೆಕೆಂಡ್ ಕಾದು ಕೋರಿಕೆ ಕಳಿಸಿದರೆ ಸರ್ವರ್ ಹೊರೆ ಇಳಿಯುತ್ತದೆ, ಆದರೆ ಬರೀ ಕಾಯುವುದರಿಂದ ಉತ್ತರಗಳು ಹಿಂದುಮುಂದಾಗುವುದು ತಪ್ಪುವುದಿಲ್ಲ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಈಗಾಗಲೇ ಇರುವ ಆಯ್ಕೆಯನ್ನೇ ಮತ್ತೆ ಆರಿಸಿದರೆ ಯಾವ ಬ್ರೌಸರ್‌ನಲ್ಲೂ ಚೇಂಜ್ ಬರುವುದಿಲ್ಲ. ನೆಟ್ ಕಡಿದು ಹೋಬಳಿ ಬರದಿದ್ದರೆ ಜನ ತುರುವೇಕೆರೆಯನ್ನೇ ಮತ್ತೆ ಮತ್ತೆ ಒತ್ತುತ್ತಾರೆ, ಏನೂ ಆಗುವುದಿಲ್ಲ. ಪಕ್ಕದಲ್ಲಿ 'ಮತ್ತೆ ಪ್ರಯತ್ನಿಸಿ' ಬಟನ್ ಇಡಿ. ಫೈರ್‌ಫಾಕ್ಸ್‌ನಲ್ಲಿ ರಿಫ್ರೆಶ್ ಮಾಡಿದರೆ ತಾಲ್ಲೂಕು ಹಾಗೇ ಉಳಿದು ಹೋಬಳಿ ಖಾಲಿಯಾಗುವುದುಂಟು. ಹಾಗಾಗಿ ಪುಟ ತೆರೆದಾಗ, ಪೇಜ್‌ಶೋ ಇವೆಂಟ್‌ನಲ್ಲೇ, ತಾಲ್ಲೂಕು ನೋಡಿ ಹೋಬಳಿ ತುಂಬಿಸಿ. ಪಿನ್‌ಕೋಡ್ ನೋಡಿ ಸ್ಕ್ರಿಪ್ಟೇ ತಾಲ್ಲೂಕು ತುಂಬಿದರೂ ಚೇಂಜ್ ತಾನಾಗಿ ಬರುವುದಿಲ್ಲ, ಹೋಬಳಿ ತುಂಬುವ ಫಂಕ್ಷನ್ ನೀವೇ ಕರೆಯಬೇಕು. ಬೇಡದ ಆಪ್ಷನ್‌ಗಳನ್ನು ಸಿಎಸ್‌ಎಸ್‌ನಲ್ಲಿ ಅಡಗಿಸುವುದು ಐಫೋನಿನ ಸಫಾರಿಯಲ್ಲಿ ನಂಬುವಂತಿಲ್ಲ, ಪಟ್ಟಿಯಿಂದ ತೆಗೆದೇ ಬಿಡಿ.

ಇಷ್ಟೆಲ್ಲ ಮಾಡಿದರೂ, ಬಂದ ಹೋಬಳಿ ಕೋಡ್ ಆ ತಾಲ್ಲೂಕಿನದೇನಾ ಅಂತ ಸರ್ವರ್‌ನಲ್ಲಿ ನೋಡಲೇಬೇಕು. ಆ ತಾಲ್ಲೂಕಿನದಲ್ಲದಿದ್ದರೆ ಸಬ್ಮಿಟ್ ಒತ್ತಿದ ಕ್ಷಣವೇ, ಹೋಬಳಿ ಖಾನೆಯ ಪಕ್ಕದಲ್ಲೇ, ಕನ್ನಡದಲ್ಲಿ ತಿಳಿಸಿ.