ಸತ್ಯಾಂಶ: ಬ್ಯಾಟರಿ ಬದಲಿಸಿದರೆ ಕಾರಿನ ಕೀ ಹಾಳಾಗುತ್ತಾ?

‘ರಿಮೋಟ್ ಕೀಯ ಬ್ಯಾಟರಿ ತೆಗೆದರೆ ಕೋಡ್ ಅಳಿಸಿಹೋಗುತ್ತದೆ, ಹೊಸ ಕೀ ಮಾಡಿಸಬೇಕು’ ಎಂಬ ಸಂದೇಶ ಮತ್ತೆ ಓಡಾಡುತ್ತಿದೆ. ಇದು ನಿಜವಲ್ಲ. ಇದನ್ನು ನಂಬಿ ಯಾರೂ ಸುಮ್ನೆ ದುಡ್ಡು ಕಳೆದುಕೊಳ್ಳಬಾರದು.

ಕಾರು ಕೀಯನ್ನು ಗುರುತಿಸುವ ಕೋಡ್ ಇರುವುದು ಕರೆಂಟ್ ಇಲ್ಲದೆಯೂ ನೆನಪಿಟ್ಟುಕೊಳ್ಳುವ ಚಿಪ್‌ನಲ್ಲಿ. ಬ್ಯಾಟರಿ ಇಡೀ ದಿನ ಹೊರಗಿದ್ದರೂ ಅದು ಅಳಿಸುವುದಿಲ್ಲ. ಅನೇಕ ಕೀಗಳಲ್ಲಿರುವುದು ಸಿಆರ್2032 ಎಂಬ 3 ವೋಲ್ಟ್‌ನ ಬಿಲ್ಲೆ, 20 ಮಿಲಿಮೀಟರ್ ಅಗಲ. ಪ್ಲಸ್ ಗುರುತು ಯಾವ ಕಡೆಗಿತ್ತು ಅಂತ ನೋಡಿಕೊಂಡು, ಹೊಸದನ್ನೂ ಹಾಗೇ ಕೂರಿಸಿ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಎಂಜಿನ್‌ಗೆ ಅನುಮತಿ ಕೊಡುವ ಇಮೊಬಿಲೈಸರ್ ಚಿಪ್‌ಗೆ ಈ ಬ್ಯಾಟರಿಯೇ ಬೇಕಿಲ್ಲ! ಕಾರಿನೊಳಗಿನ ತಂತಿಯ ಸುರುಳಿಯೇ ಹತ್ತಿರದಿಂದ ಅದಕ್ಕೆ ಶಕ್ತಿ ಕೊಡುತ್ತದೆ. ಹಾಗಾಗಿ ಬ್ಯಾಟರಿ ಸತ್ತಿದ್ದರೂ, ಬಟನ್ ಸ್ಟಾರ್ಟ್ ಇರುವ ಎಷ್ಟೋ ಕಾರುಗಳಲ್ಲಿ ಕೀಯನ್ನು ಬಟನ್‌ಗೆ ತಾಗಿಸಿ ಹಿಡಿದರೆ ಗಾಡಿ ಶುರುವಾಗುತ್ತದೆ. ಕೆಲವದರಲ್ಲಿ ಇಡುವ ಜಾಗ ಬೇರೆ, ಕೈಪಿಡಿಯಲ್ಲಿ ಇರುತ್ತದೆ. ಬಾಗಿಲಿಗೆ? ಕೀಯೊಳಗೇ ಅಡಗಿರುವ ಲೋಹದ ಪುಟ್ಟ ಕೀ ಇದೆ ಅಲ್ವಾ, ಅದು.

ಪ್ರೋಗ್ರಾಮಿಂಗ್, ಅಂದರೆ ಕೀಯನ್ನು ಕಾರಿಗೆ ಪರಿಚಯಿಸುವ ಕೆಲಸ, ಬೇಕಾಗುವುದು ಹೊಸ ಕೀ ಸೇರಿಸುವಾಗ. ಕೀ ಕಳೆದುಹೋಗಿದ್ದರೆ ಹಳೆಯದನ್ನು ಕಾರಿನ ನೆನಪಿನಿಂದ ತೆಗೆಸಲು ಮರೆಯಬೇಡಿ.